ಗುಂಡಿಯ ಸುತ್ತ ಬಿಟ್ಟ ಅಂಚು

ಹೊರರೋಗಿಗಳನ್ನು ನೋಡುವ ದಿನವೆಂದರೆ ಡಾಕ್ಟರಮ್ಮನಿಗೆ ಈಚೀಚೆಗೆ ಬೆಟ್ಟ ಹತ್ತಿದ ಹಾಗಾಗುತ್ತಿತ್ತು. ಬೆಳಗ್ಗೆ ಒಂಬತ್ತಕ್ಕೆ ಕೂತರೆ ಮಧ್ಯಾಹ್ನ ಎರಡರವರೆಗೆ ಏಳುವ ಹಾಗಿಲ್ಲ. ಬಾಗಿಲಾಚೆಯ ಬೆಂಚುಗಳ ಮೇಲೆ ಎದೆ ಸೀಳಿಸಿಕೊಂಡವರು, ಸೀಳಿಸಿಕೊಳ್ಳಬೇಕಾದವರು, ಅವರ ಗಂಡ ಹೆಂಡತಿ ಮಕ್ಕಳು ಸಾಲಾಗಿ ಕೂತಿರುತ್ತಿದ್ದರು. ಡಾಕ್ಟರಮ್ಮನಿಗೆ ಬರುವ ವರ್ಷ ಅರವತ್ತು ತುಂಬುತ್ತಿತ್ತು. ಮೂವತ್ತೊಂದು ವರ್ಷ ಬಗ್ಗಿ ನಿಂತು ಹೊಲಿದ ಕತ್ತು ಎಡಕ್ಕೆ ತಿರುಗಿಸಿದರೆ ಕಟಕ್ಕೆನ್ನುತ್ತಿತ್ತು. ಆಸ್ಪತ್ರೆಯ ಕಿರಿಯರು ಬೆನ್ನ ಹಿಂದೆ ಅವರನ್ನು ‘ದೊಡ್ಡಮ್ಮ’ ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು; ಗೊತ್ತಿಲ್ಲದವರ ಹಾಗೆ ಇದ್ದುಬಿಟ್ಟಿದ್ದರು.

ಅಂಥದೊಂದು ದಿನ ಹನ್ನೊಂದೂವರೆಯ ಹೊತ್ತಿಗೆ ಮೌನಿ ಒಳಗೆ ಬಂದ. ಮೌನಿ ಅವನ ಹೆಸರಲ್ಲ. ಶಸ್ತ್ರಚಿಕಿತ್ಸೆ ಮಾಡುವಾಗ ಮೂರು ತಾಸಾದರೂ ತುಟಿಪಿಟಕ್ಕೆನ್ನದ ಅವನಿಗೆ ದಾದಿಯರು ಇಟ್ಟ ಹೆಸರು. ಹತ್ತು ವರ್ಷದ ಹಿಂದೆ ಡಾಕ್ಟರಮ್ಮನ ಕೈಕೆಳಗೆ ಕಲಿಯಲು ಬಂದವನು, ಈಗ ಪಕ್ಕದ ಕೋಣೆಯ ಬಾಗಿಲಿಗೆ ತನ್ನದೇ ಫಲಕ ಹಾಕಿಸಿಕೊಂಡ ಸರ್ಜನ್. ಬಂದವನು ಕಂಪ್ಯೂಟರಿನಲ್ಲಿ ಒಂದು ಸ್ಕ್ಯಾನ್ ತೆರೆದು, ಬಾಣದ ಗುರುತನ್ನು ಒಂದು ಜಾಗದ ಮೇಲೆ ನಿಲ್ಲಿಸಿ, ಪಕ್ಕಕ್ಕೆ ಸರಿದು ನಿಂತ.

ಡಾಕ್ಟರಮ್ಮ ಕನ್ನಡಕ ಏರಿಸಿ ನೋಡಿದರು. ಹೃದಯದಿಂದ ಮೇಲೇಳುವ ಮಹಾಧಮನಿಯ ಜಾಗದಲ್ಲಿ ಸುಕ್ಕುಸುಕ್ಕಾದ ಕೃತಕ ಕೊಳವೆ ಇತ್ತು. ಅದನ್ನು ಹಾಕಿದ್ದು ತಾವೇ ಎಂದು ರೋಗಿಯ ಹೆಸರು ಓದುವ ಮೊದಲೇ ಗೊತ್ತಾಯಿತು. ಕೆಲಸದವರಿಗೆ ತಮ್ಮ ಕೈಬರಹ ಎಲ್ಲಿದ್ದರೂ ಗುರುತು ಸಿಗುತ್ತದೆ. ಆ ಕೊಳವೆಯ ಎಡ ಮಗ್ಗುಲಲ್ಲಿ, ಹೃದಯದ ಮಾಂಸಕ್ಕೇ ರಕ್ತ ಕೊಡುವ ಪುಟ್ಟ ನಾಳವನ್ನು ಹೊಲಿದು ಸೇರಿಸಿದ್ದ ಕಡೆ, ದೊಡ್ಡ ದ್ರಾಕ್ಷಿಯಷ್ಟು ಉಬ್ಬು.

“ಎಷ್ಟಿದೆ?” ಎಂದು ಕೇಳಿದರು.

“ಇಪ್ಪತ್ತಾರು ಮಿಲಿಮೀಟರ್. ಆರು ವರ್ಷದ ಹಿಂದಿನ ಸ್ಕ್ಯಾನ್‌ನಲ್ಲಿ ಹದಿಮೂರಿತ್ತು. ಆಗ ಯಾರೂ ಅದನ್ನ ಬರೆದಿಲ್ಲ, ಮೇಡಂ.”

ಆರು ವರ್ಷದ ಹಿಂದಿನ ವರದಿಯ ಕೆಳಗೆ ‘ನೋಡಿದೆ’ ಎಂದು ಸಹಿ ಹಾಕಿದ್ದವರೂ ಡಾಕ್ಟರಮ್ಮನೇ.

ರೋಗಿ ಬಸ್ ಡಿಪೋದಲ್ಲಿ ವೇಳಾಪಟ್ಟಿ ತಯಾರಿಸುವ ಗುಮಾಸ್ತ. ವಯಸ್ಸು ಮೂವತ್ತಮೂರು. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರ, ಮಂಡಿ ಮುಟ್ಟುತ್ತವೇನೋ ಅನ್ನಿಸುವ ತೋಳುಗಳು. ಡಿಪೋದ ಡ್ರೈವರುಗಳು ಅವನನ್ನು ‘ಲೈಟ್ ಕಂಬ’ ಎಂದೇ ಕರೆಯುತ್ತಿದ್ದರು. ಮೈಯನ್ನು ಒಂದಕ್ಕೊಂದು ಹಿಡಿದು ಕಟ್ಟಿಡುವ ನಾರು ಹುಟ್ಟಿನಿಂದಲೇ ಸಡಿಲವಾಗಿರುವ ಕಾಯಿಲೆ ಅದು. ಎತ್ತರ, ಉದ್ದ ಬೆರಳು ಎಲ್ಲರಿಗೂ ಕಾಣುತ್ತವೆ. ಕಾಣದ ಹಾಗೆ ಒಳಗೆ ಮಹಾಧಮನಿಯ ಗೋಡೆ ಹಿಗ್ಗುತ್ತಾ ಹೋಗಿ ಒಂದು ದಿನ ಹರಿಯುತ್ತದೆ. ಅವನ ಅಪ್ಪನಿಗೆ ಹಾಗೇ ಆಗಿತ್ತು. ಮೂವತ್ತಾರನೆಯ ವಯಸ್ಸಿಗೆ, ಅಂಚೆ ಕಚೇರಿಯ ಸಾಲಿನಲ್ಲಿ ನಿಂತಿದ್ದವನು ಮುಂದಿನವನ ಬೆನ್ನ ಮೇಲೆ ಕೈಯಿಟ್ಟು ಕುಸಿದಿದ್ದ.

ಅದಾಗಿ ಕೆಲವು ವರ್ಷಕ್ಕೆ ತಾಯಿ ಹತ್ತೊಂಬತ್ತು ವರ್ಷದ ಮಗನನ್ನು ಕರೆದುಕೊಂಡು ಇದೇ ಕೋಣೆಗೆ ಬಂದಿದ್ದಳು. ಮಗನ ಧಮನಿಯೂ ಬುಡದಲ್ಲಿ ಬುಗ್ಗೆಯಂತೆ ಉಬ್ಬಿತ್ತು. ಡಾಕ್ಟರಮ್ಮ ಆ ಬುಡವನ್ನು ಪೂರ್ತಿ ಕತ್ತರಿಸಿ ತೆಗೆದು, ಲೋಹದ ಕವಾಟವಿರುವ ಕೊಳವೆ ಕೂರಿಸಿದ್ದರು. ಹೃದಯಕ್ಕೆ ರಕ್ತ ಕೊಡುವ ಎಡ ಬಲದ ಎರಡು ನಾಳಗಳು ಹಳೆಯ ಗೋಡೆಯಿಂದಲೇ ಹುಟ್ಟುವುದರಿಂದ, ಅವುಗಳ ಬಾಯಿಯ ಸುತ್ತ ಹಳೆಯ ಗೋಡೆಯನ್ನು ದುಂಡಗೆ ಉಳಿಸಿಕೊಂಡು, ಅಂಗಿಗೆ ಗುಂಡಿ ಹಾಕುವ ಹಾಗೆ ಹೊಸ ಕೊಳವೆಗೆ ಹೊಲಿಯಬೇಕು. ಆ ಕಸುಬಿನವರು ಅದನ್ನು ಕರೆಯುವುದೂ ‘ಬಟನ್’ ಎಂದೇ.

ಆ ದಿನ ಡಾಕ್ಟರಮ್ಮನಿಗೆ ಚೆನ್ನಾಗಿ ನೆನಪಿತ್ತು. ಹಿಂದಿನ ದಿನ ಒಂದು ತುರ್ತು ಕೇಸಿನಲ್ಲಿ ಹದಿನಾಲ್ಕು ತಾಸು ನಿಂತು, ಮೂರು ತಾಸು ಮಲಗಿ ಬಂದಿದ್ದರು. ಹುಡುಗನ ಎಡಗಡೆಯ ಗುಂಡಿ ಸೂಜಿ ಚುಚ್ಚಿದ ಕಡೆಯಲ್ಲೆಲ್ಲ ಜಿನುಗುತ್ತಿತ್ತು. ಇಂಥವರಲ್ಲಿ ಹಳೆಯ ಗೋಡೆಯನ್ನು ಎಷ್ಟು ಕಮ್ಮಿ ಉಳಿಸಿದರೆ ಅಷ್ಟು ಕ್ಷೇಮ, ಉಳಿಸಿದ್ದು ಮುಂದೆ ಹಿಗ್ಗುತ್ತದೆ ಎಂದು ಅಷ್ಟು ಹೊತ್ತಿಗಾಗಲೇ ಓದಿದ್ದರು. ಆದರೆ ಅಂಚು ಅಗಲವಾಗಿದ್ದರೆ ಸೂಜಿ ಗಟ್ಟಿ ಕೂರುತ್ತದೆ ಎಂದು ಅವರ ಗುರುಗಳು ಹೇಳಿಕೊಟ್ಟಿದ್ದರು, ಕೈ ಹಾಗೇ ಪಳಗಿತ್ತು. ಇನ್ನೂ ಕತ್ತರಿಸಲು ಹೋಗಿ ಇದ್ದದ್ದೂ ಹರಿದರೆ ಎಂಬ ಭಯ ಬೇರೆ. ಕಿರುಬೆರಳಿನ ಉಗುರಿನಷ್ಟು ಅಂಚು ಹೆಚ್ಚಾಗಿಯೇ ಬಿಟ್ಟು, ರಕ್ತ ನಿಂತ ಕೂಡಲೇ ಸಾಕೆಂದು ಎದೆ ಮುಚ್ಚಿದ್ದರು.

ಈಗ ತಾಯಿ, ಮಗ ಇಬ್ಬರೂ ಮೇಜಿನ ಎದುರು ಕೂತಿದ್ದರು. ಕೋಣೆ ಚಿಕ್ಕದಾದ್ದರಿಂದ ಗುಮಾಸ್ತನ ಕವಾಟದ ಸದ್ದು ಮಾತು ನಿಂತಾಗಲೆಲ್ಲ ಕೇಳುತ್ತಿತ್ತು. ಎರಡು ತಿಂಗಳಿಂದ ಡಿಪೋದ ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತಿದೆ ಎಂದು ಅವನೇ ಹೇಳಿದ. ಬಡಾವಣೆಯ ವೈದ್ಯರು ಹೊಟ್ಟೆಯ ಗಾಳಿ ಎಂದು ಮಾತ್ರೆ ಕೊಟ್ಟಿದ್ದರಂತೆ. ಆಸ್ಪತ್ರೆಯ ವರ್ಷ ವರ್ಷದ ತಪಾಸಣೆಯಲ್ಲಿ ಕವಾಟ ಮಾತ್ರ ನೋಡಿ ‘ಚೆನ್ನಾಗಿದೆ’ ಎಂದು ಕಳಿಸುತ್ತಿದ್ದರಂತೆ.

ಡಾಕ್ಟರಮ್ಮ ಒಂದು ಹಾಳೆ ತೆಗೆದು ಚಿತ್ರ ಬರೆದರು. ಕೊಳವೆ, ಎರಡು ಗುಂಡಿ, ಎಡಗಡೆಯದರ ಸುತ್ತ ಉಬ್ಬು. ಅದು ಒಡೆಯಬಹುದು, ಒಡೆಯದಿದ್ದರೂ ನಾಳವನ್ನು ಒತ್ತಿ ಹೃದಯಾಘಾತ ತರಬಹುದು, ಬಿಡುವ ಹಾಗಿಲ್ಲ ಎಂದು ಬಿಡಿಸಿ ಹೇಳಿದರು. ಗುಮಾಸ್ತ ತಲೆಯಾಡಿಸುತ್ತಾ ಕೇಳಿದ. ತಾಯಿ ಮಾತ್ರ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ನೋಡುತ್ತಲೇ ಇದ್ದಳು. ಆಕೆ ಸಿದ್ಧ ಉಡುಪಿನ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಹೊಲಿಗೆ ಯಂತ್ರದ ಮುಂದೆ ಕೂತವಳು. ಪ್ಯಾಂಟು ಗಿಡ್ಡ ಮಾಡುವುದು, ತೋಳು ಬಿಗಿ ಮಾಡುವುದು, ಕಿತ್ತುಹೋದ ಗುಂಡಿ ಹಾಕುವುದು ಆಕೆಯ ಕೆಲಸ.

“ಗುಂಡಿ ಸುತ್ತ ಎಷ್ಟು ಅಂಚು ಬಿಟ್ಟಿದ್ರಿ?” ಎಂದು ಕೇಳಿದಳು.

ಮೂವತ್ತೊಂದು ವರ್ಷದಲ್ಲಿ ಯಾವ ರೋಗಿಯ ಕಡೆಯವರೂ ಕೇಳದ ಪ್ರಶ್ನೆ ಅದು. ಜಾರಿಕೊಳ್ಳಲು ದಾರಿ ಬೇಕಾದಷ್ಟಿತ್ತು. ಕಾಯಿಲೆಯೇ ಹಾಗೆ ಅಂದುಬಿಡಬಹುದಿತ್ತು. ಅದು ಸುಳ್ಳೂ ಅಲ್ಲ. ಮೌನಿ ಗೋಡೆ ನೋಡುತ್ತಾ ನಿಂತಿದ್ದ. ಡಾಕ್ಟರಮ್ಮನಿಗೆ ಬೆಳಗಿನಿಂದ ಇಪ್ಪತ್ತೆಂಟು ಜನರನ್ನು ನೋಡಿ ಆಗಿತ್ತು, ಕತ್ತು ನೋಯುತ್ತಿತ್ತು. ಸುಳ್ಳು ಕಟ್ಟಿ ನಿಲ್ಲಿಸುವುದಕ್ಕೂ ತ್ರಾಣ ಬೇಕು. ಅದು ತಮ್ಮಲ್ಲಿ ಉಳಿದಿಲ್ಲ ಅನ್ನಿಸಿತು.

“ಬೇಕಾಗಿದ್ದಕ್ಕಿಂತ ಜಾಸ್ತಿ ಬಿಟ್ಟಿದ್ದೆ,” ಎಂದರು.

“ಕಮ್ಮಿ ಬಿಟ್ಟಿದ್ರೆ?”

“ಇಷ್ಟು ಉಬ್ಬೋದು ಕಷ್ಟ ಇತ್ತು. ಉಬ್ಬುತ್ತಲೇ ಇರಲಿಲ್ಲ ಅಂತ ಹೇಳಲ್ಲ. ಆರು ವರ್ಷದ ಹಿಂದೆನೇ ಸ್ಕ್ಯಾನಲ್ಲಿ ಸ್ವಲ್ಪ ಕಾಣ್ತಿತ್ತು. ಅದು ನನ್ನ ಕಣ್ಣು ತಪ್ತು.”

ತಾಯಿ ಕೂಗಾಡಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೈಚೀಲಕ್ಕೆ ಹಾಕಿಕೊಂಡಳು. ಎದ್ದು, ಮಗನ ಮೊಣಕೈ ಹಿಡಿದು, “ನಡಿಯಪ್ಪ,” ಎಂದಳು. ಮಗ ಬಾಗಿಲಲ್ಲಿ ತಲೆ ತಗ್ಗಿಸಿ ಆಚೆ ಹೋಗುವಾಗ ಒಂದು ಸಲ ತಿರುಗಿ ನೋಡಿದ.

ಸುದ್ದಿ ಸಂಜೆಯೊಳಗೆ ಆಸ್ಪತ್ರೆಯ ಮುಖ್ಯಸ್ಥರಿಗೆ ಮುಟ್ಟಿತು. ಅವರು ಡಾಕ್ಟರಮ್ಮನನ್ನು ಕರೆಸಿ, ಬಾಗಿಲು ಹಾಕಿಸಿ, ಬೈಯಬಾರದೆಂದು ತಮಗೆ ತಾವೇ ಹೇಳಿಕೊಂಡವರ ಹಾಗೆ ಮೆಲ್ಲಗೆ ಶುರುಮಾಡಿದರು. ಹಾವೂ ಸಾಯದೆ ಕೋಲೂ ಮುರಿಯದೆ ಮಾತಾಡುವುದನ್ನು ಈ ವಯಸ್ಸಿನಲ್ಲಿ ತಾವು ಹೇಳಿಕೊಡಬೇಕೇ ಎಂದರು. ಆ ಹೆಂಗಸು ನಾಳೆ ವಕೀಲರನ್ನು ಕರೆದುಕೊಂಡು ಬಂದರೆ ಏನು ಗತಿ ಎಂದರು. ಡಾಕ್ಟರಮ್ಮ ಎಲ್ಲಕ್ಕೂ ಹೂಂಗುಟ್ಟಿದರು. ಅವರ ಯೋಚನೆಯೆಲ್ಲ ಆ ಉಬ್ಬು ದಿನಕ್ಕೆಷ್ಟು ಬೆಳೆಯುತ್ತಿರಬಹುದು ಎಂಬುದರಲ್ಲಿತ್ತು.

ಮನೆಯಲ್ಲಿ ಅವರ ಜೊತೆ ಇದ್ದದ್ದು ಅಕ್ಕ ಒಬ್ಬರೇ. ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಮಾತು ನೇರ. ತಂಗಿ ಕತೆಯೆಲ್ಲ ಹೇಳಿ ಮುಗಿಸಿದ ಮೇಲೆ ಅಕ್ಕ ಕೇಳಿದರು: ಹೇಳಿದ್ದು ಆ ತಾಯಿಗೋಸ್ಕರವೋ, ನಿನ್ನ ಎದೆಯ ಭಾರ ಇಳಿಸಿಕೊಳ್ಳಲಿಕ್ಕೋ? “ಹೇಳಿದ್ದೇನೋ ಸರಿ ಕಣೆ,” ಎಂದರು ಅಕ್ಕ, “ಆದ್ರೆ ಭಾರ ನಿನ್ನ ತಲೆಯಿಂದ ಆಕೆ ತಲೆಗೆ ಹೋಯ್ತು. ಅದನ್ನ ಮರೀಬೇಡ.”

ಮೂರು ವಾರ ಆ ಕಡೆಯಿಂದ ಸುದ್ದಿಯಿರಲಿಲ್ಲ. ಡಾಕ್ಟರಮ್ಮ ಎರಡು ಸಲ ಫೋನ್ ಮಾಡಿಸಿದರು. ತಾಯಿ ಎತ್ತಿ, ಬೇರೆ ಕಡೆ ತೋರಿಸುತ್ತಿದ್ದೇವೆ ಎಂದಷ್ಟೇ ಹೇಳಿ ಇಟ್ಟಳು. ಅದು ಆಕೆಯ ಹಕ್ಕು. ಹಾಗೆಂದು ಮೌನಿಗೆ ಹೇಳಿದರು, ತಮಗೂ ಹೇಳಿಕೊಂಡರು. ಆದರೂ ತುರ್ತು ವಿಭಾಗದಿಂದ ಕರೆ ಬಂದಾಗಲೆಲ್ಲ ಮೊದಲು ರೋಗಿಯ ಹೆಸರು ಕೇಳುತ್ತಿದ್ದರು. ಬಿಸಿ ತುತ್ತು ಬಾಯಲ್ಲಿಟ್ಟುಕೊಂಡವರ ಹಾಗೆ, ಉಗುಳಲಾರದೆ ನುಂಗಲಾರದೆ ಆ ಇಪ್ಪತ್ತೊಂದು ದಿನ ಕೆಲಸ ಮಾಡಿದರು.

ನಾಲ್ಕನೆಯ ವಾರ ಗುಮಾಸ್ತ ಒಬ್ಬನೇ ಬಂದ. ಚೀಟಿ ಮಾಡಿಸದೆ, ಮಧ್ಯಾಹ್ನ ಅವರು ಕೋಣೆಗೆ ಬೀಗ ಹಾಕುವ ಹೊತ್ತಿಗೆ ಮೆಟ್ಟಿಲ ಬುಡದಲ್ಲಿ ಕೂತಿದ್ದ. ಮುಖ ಬಿಳಿಚಿತ್ತು. ಇಬ್ಬರೂ ಕ್ಯಾಂಟೀನಿನ ಮೂಲೆಯ ಮೇಜಿಗೆ ಹೋಗಿ ಕೂತರು. ಇನ್ನೊಂದು ಆಸ್ಪತ್ರೆಯಲ್ಲಿ ತೊಡೆಯ ನಾಳದಿಂದ ತಂತಿ ಹಾಕಿ, ಒಳಗಿನಿಂದಲೇ ಜಾಲರಿ ಕೊಳವೆ ಕೂರಿಸಿ ಉಬ್ಬನ್ನು ಮುಚ್ಚಲು ನೋಡಿದರಂತೆ. ಎದೆ ತೆರೆಯುವುದು ತಪ್ಪುತ್ತದಲ್ಲ ಎಂದು ಅಮ್ಮನಿಗೂ ಆಸೆಯಿತ್ತು. ಆದರೆ ಒಳಗೆ ಹೋಗಿ ನೋಡಿದ ಡಾಕ್ಟರು, ನಾಳದ ಬಾಯಿ ತೀರಾ ಅಗಲ, ಗೋಡೆ ತೀರಾ ಸಡಿಲ, ಜಾಲರಿ ಕಚ್ಚಿ ಕೂರುವುದಿಲ್ಲ, ಒತ್ತಿದರೆ ಹರಿಯುತ್ತದೆ ಎಂದು ಕೈಬಿಟ್ಟು ತಂತಿ ಹಿಂದೆ ತೆಗೆದುಕೊಂಡರಂತೆ. ಎದೆ ತೆರೆದೇ ಮಾಡಬೇಕು, ಮೊದಲು ಮಾಡಿದವರಲ್ಲಿಗೇ ಹೋಗುವುದು ಒಳ್ಳೆಯದು ಎಂದರಂತೆ.

“ಒಳ್ಳೇ ಡಾಕ್ಟರು ಅವರು,” ಎಂದರು ಡಾಕ್ಟರಮ್ಮ. “ನಿಲ್ಲಿಸೋದು ಎಲ್ಲರಿಗೂ ಬರಲ್ಲ.”

ಗುಮಾಸ್ತ ಚಹಾದ ಲೋಟವನ್ನು ಉದ್ದ ಬೆರಳುಗಳಲ್ಲಿ ತಿರುಗಿಸುತ್ತಾ ಕೂತ. ಆಮೇಲೆ ತನಗೆ ಸಾಕಾಗಿದೆ ಎಂದು ಹೇಳಿದ. ಹತ್ತೊಂಬತ್ತರಿಂದ ಇಲ್ಲಿಯವರೆಗೆ ರಕ್ತ ಪರೀಕ್ಷೆ, ಮಾತ್ರೆ, ಸ್ಕ್ಯಾನ್. ಭಾರ ಎತ್ತಬೇಡ, ಓಡಬೇಡ, ಬಿದ್ದು ಗಾಯ ಮಾಡಿಕೊಳ್ಳಬೇಡ. ಮದುವೆಯ ಮಾತು ಬಂದಾಗ ತಾನೇ ಬೇಡವೆಂದಿದ್ದ. ರಾತ್ರಿ ಮಲಗಿದರೆ ತನ್ನ ಕವಾಟದ ಟಿಕ್ ಟಿಕ್ ತನಗೇ ಕೇಳುತ್ತದೆ; ಎಷ್ಟೋ ಸಲ ಇದು ನಿಂತರೆ ನಿದ್ದೆಯಾದರೂ ಬರುತ್ತಿತ್ತು ಅನ್ನಿಸಿದೆ. ಇದನ್ನೆಲ್ಲ ಅವನು ಬಸ್ಸು ತಡವಾಗಿದ್ದಕ್ಕೆ ಕಾರಣ ಹೇಳುವವನ ಹಾಗೆ, ದನಿ ಏರಿಸದೆ ಹೇಳಿದ. ಡಾಕ್ಟರಮ್ಮ ಸಮಾಧಾನದ ಮಾತು ಹುಡುಕಲು ಹೋಗಲಿಲ್ಲ. ತಮಗೂ ಸಾಕಾಗಿದೆ ಎಂದು ಬಾಯಿಗೆ ಬಂದದ್ದನ್ನು ತಡೆದುಕೊಂಡರು.

“ಮಾಡಿಸ್ಕೊಳ್ತೀನಿ,” ಎಂದ ಅವನು ಕೊನೆಗೆ. “ಅಮ್ಮ ಇರೋವರೆಗೂ ನಾನು ಇರಬೇಕಲ್ಲ. ಅಪ್ಪನ್ನ ಆಗ್ಲೇ ಕಳ್ಕೊಂಡವಳು. ಆದ್ರೆ ಒಂದು ಮಾತು ನೇರವಾಗಿ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಇದು ನಿಮ್ಮ ಕೈಲಿ ಈಗ ಆಗುತ್ತಾ?”

ಯಾರೂ ಕೇಳಬಾರದೆಂದು ಡಾಕ್ಟರಮ್ಮ ಎರಡು ವರ್ಷದಿಂದ ಹೆದರುತ್ತಿದ್ದ ಪ್ರಶ್ನೆ ಇದು. ಕೈ ನಡುಗುತ್ತಿರಲಿಲ್ಲ. ಆದರೆ ಆರನೆಯ ತಾಸಿನಲ್ಲಿ ಕಣ್ಣು ಮಂಜಾಗುತ್ತಿತ್ತು, ಕತ್ತು ಸೆಟೆಯುತ್ತಿತ್ತು. ಇದು ಎಂಟು ತಾಸಿನ ಕೆಲಸ.

“ಆಗುತ್ತೆ,” ಎಂದರು. “ಆದ್ರೆ ನನಗಿಂತ ಅವನು ಚೆನ್ನಾಗಿ ಮಾಡ್ತಾನೆ, ಅವತ್ತು ನಿಮ್ಮ ಸ್ಕ್ಯಾನ್ ತೋರಿಸಿದನಲ್ಲ, ಅವನು. ಅವನು ಹೊಲೀಲಿ. ನಾನು ಎದುರುಗಡೆ ನಿಂತ್ಕೊಂಡು ಹಿಡ್ಕೊಡ್ತೀನಿ.”

ಆ ಡಾಕ್ಟರು ಮಾತೇ ಆಡುವುದಿಲ್ಲವಲ್ಲ, ಮಾಡಿದ್ದು ಸರಿಯಾಯಿತೋ ಇಲ್ಲವೋ ಎಂದು ಗೊತ್ತಾಗುವುದು ಹೇಗೆ ಎಂದು ಗುಮಾಸ್ತ ಕೇಳಿದ. ಡಾಕ್ಟರಮ್ಮನಿಗೆ ಎಷ್ಟೋ ದಿನದ ಮೇಲೆ ನಗು ಬಂತು.

ಮಾರನೆಯ ದಿನ ತಾಯಿ ಬಂದಳು. ಒಪ್ಪಿಗೆಯ ಕಾಗದವನ್ನು ಎರಡು ಸಲ ಓದಿದಳು. ಡಾಕ್ಟರಮ್ಮ ಒಳಗೆ ಇರುತ್ತಾರೋ ಇಲ್ಲವೋ ಎಂದು ಕೇಳಿದಳು. ಮೊದಲ ಹೊಲಿಗೆಯಿಂದ ಕಡೆಯ ಹೊಲಿಗೆಯವರೆಗೆ ಇರುತ್ತೇನೆ ಎಂದರು ಡಾಕ್ಟರಮ್ಮ. “ಇರಬೇಕು,” ಎಂದಳು ತಾಯಿ. “ಹೊರಗೆ ಕೂತು ಕಾಯೋದು ನನ್ನ ಪಾಲು. ನೀವು ಒಳಗೆ ನಿಂತು ನೋಡಬೇಕು.”

ಗುರುವಾರ ಬೆಳಗ್ಗೆ ಎಂಟಕ್ಕೆ ಗುಮಾಸ್ತನನ್ನು ಶಸ್ತ್ರಚಿಕಿತ್ಸೆಯ ಕೋಣೆಗೆ ಕರೆದೊಯ್ದರು. ಮೇಜು ಅವನ ಉದ್ದಕ್ಕೆ ಸಾಲದೆ ಕಾಲಿನ ಕಡೆ ಇನ್ನೊಂದು ಹಲಗೆ ಜೋಡಿಸಬೇಕಾಯಿತು. ರೋಗಿಯ ಬಲಗಡೆ ನಿಲ್ಲುವವನು ಸರ್ಜನ್, ಎಡಗಡೆ ನಿಲ್ಲುವವನು ಸಹಾಯಕ. ಇಪ್ಪತ್ತೈದು ವರ್ಷದಿಂದ ಬಲಗಡೆಯೇ ನಿಂತು ರೂಢಿಯಾಗಿದ್ದ ಡಾಕ್ಟರಮ್ಮನ ಕಾಲು ತಾನಾಗಿಯೇ ಆ ಕಡೆಗೆ ಹೊರಟಿತು. ಎರಡು ಹೆಜ್ಜೆ ಹೋದವರು ನಿಂತು, ಮೇಜನ್ನು ಸುತ್ತಿ ಬಂದು ಎಡಗಡೆ ನಿಂತರು. ದಾದಿಯರು ನೋಡಿಯೂ ನೋಡದವರ ಹಾಗೆ ಉಪಕರಣ ಜೋಡಿಸುತ್ತಿದ್ದರು.

ಎರಡನೆಯ ಸಲ ಎದೆ ತೆರೆಯುವುದು ಮೊದಲನೆಯ ಸಲದ ಹಾಗಲ್ಲ. ಒಳಗಿನದೆಲ್ಲ ಒಂದಕ್ಕೊಂದು ಅಂಟಿರುತ್ತದೆ; ಮೂಳೆಯ ಕೆಳಗೇ ಕೊಳವೆ ಇರುವುದರಿಂದ ಗರಗಸ ಒಂದು ಎಳೆ ಆಳಕ್ಕೆ ಹೋದರೂ ಕತೆ ಮುಗಿಯಿತು. ಅದಕ್ಕೇ ಮೊದಲು ಭುಜದ ಕೆಳಗಿನ ನಾಳದಿಂದ ರಕ್ತವನ್ನು ಹೃದಯದ ಬದಲು ಅದನ್ನು ಓಡಿಸುವ ಯಂತ್ರಕ್ಕೆ ಜೋಡಿಸಿಕೊಂಡು, ಆಮೇಲೆ ಮೂಳೆ ಬಿಡಿಸಿದರು. ಅಂಟಿದ್ದನ್ನು ಎಳೆ ಎಳೆಯಾಗಿ ಬಿಡಿಸುವುದಕ್ಕೇ ಎರಡೂವರೆ ತಾಸು ಹಿಡಿಯಿತು. ಮೌನಿಯ ಕತ್ತರಿ ಎಲ್ಲೂ ಆತುರಪಡಲಿಲ್ಲ. ಡಾಕ್ಟರಮ್ಮ ರಕ್ತ ಹೀರಿ ಅವನಿಗೆ ದಾರಿ ಕಾಣಿಸಿದರು, ದಾರ ಬಿಗಿ ಹಿಡಿದರು. ಈ ಕೆಲಸ ಮಾಡಿ ಎಷ್ಟು ಕಾಲವಾಗಿತ್ತೆಂದರೆ, ದಾರವನ್ನು ಯಾವ ಕೋನದಲ್ಲಿ ಹಿಡಿಯಬೇಕೆಂದು ಮೊದಮೊದಲು ಮೌನಿಯೇ ಕಣ್ಣಿನಲ್ಲಿ ತೋರಿಸಬೇಕಾಯಿತು.

ಹೃದಯ ನಿಲ್ಲಿಸಿ ಕೊಳವೆ ತೆರೆದಾಗ ಉಬ್ಬು ಕಣ್ಣಿಗೆ ಬಿತ್ತು. ಗೋಡೆ ನೆನೆದ ಕಾಗದದ ಹಾಗೆ ತೆಳ್ಳಗಾಗಿತ್ತು. ಅದರ ಆಚೆ ಹಿಡಿದ ಚಿಮಟದ ತುದಿ ಕಾಣುತ್ತಿತ್ತು. ಉಬ್ಬಿನ ಸುತ್ತ ನೀಲಿ ದಾರದ ಹಳೆಯ ಹೊಲಿಗೆ ಹಾಕಿದ ಹಾಗೇ ಇತ್ತು, ಒಂದೂ ಕಿತ್ತಿರಲಿಲ್ಲ. ಡಾಕ್ಟರಮ್ಮ ಅದನ್ನು ನೋಡಿದರು. ಹೊಲಿಗೆಯಲ್ಲಿ ಕೊರತೆಯಿರಲಿಲ್ಲ. ಕೊರತೆ ಕತ್ತರಿಸುವುದರಲ್ಲಾಗಿತ್ತು.

ಮೌನಿ ಉಬ್ಬಿದ್ದನ್ನೆಲ್ಲ ಕತ್ತರಿಸಿ ತೆಗೆದು, ನಾಳದ ಬಾಯಿಯ ಸುತ್ತ ಸಣ್ಣ ಅಂಚು ಉಳಿಸಿ, ತಲೆಯೆತ್ತಿ ನೋಡಿದ. “ಇನ್ನೂ,” ಎಂದರು ಡಾಕ್ಟರಮ್ಮ. ಇನ್ನೊಂದು ಸುತ್ತು ಕತ್ತರಿಸಿ ಮತ್ತೆ ನೋಡಿದ. “ಇನ್ನೂ.” ಉಳಿದದ್ದು ಸೂಜಿ ಹಿಡಿಯುವಷ್ಟು, ಅಷ್ಟೇ. ಆಮೇಲೆ ನಾಳ ಕೊಳವೆಯವರೆಗೆ ಎಟುಕಲಿಲ್ಲ. ಎಳೆದು ಹೊಲಿದರೆ ಹರಿಯುತ್ತಿತ್ತು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಕಿರುಕೊಳವೆಯನ್ನು ನಡುವೆ ಇಟ್ಟು, ಮೆತ್ತನೆಯ ಬಟ್ಟೆಯ ಉಂಗುರ ಒತ್ತು ಕೊಟ್ಟು ಹೊಲಿದ. ಬಲಗಡೆಯ ಗುಂಡಿಯನ್ನೂ ಅದೇ ರೀತಿ ಕಿರಿದು ಮಾಡಿದ.

ಎಲ್ಲ ಸರಿಯಾಯಿತೆಂದು ಯಂತ್ರದ ವೇಗ ಇಳಿಸಿದಾಗ ಹೃದಯದ ಎಡಭಾಗ ಎದ್ದಿತು, ಬಲಭಾಗ ಏಳಲಿಲ್ಲ. ಸೋತ ಎತ್ತಿನ ಹಾಗೆ ಒಂದು ಸಲ ಮಿಸುಕಿ ಸುಮ್ಮನಾಯಿತು. ಮತ್ತೆ ಯಂತ್ರಕ್ಕೆ ಹಾಕಿದರು, ಅರ್ಧ ತಾಸು ಬಿಟ್ಟು ಮತ್ತೆ ಇಳಿಸಿದರು, ಮತ್ತೆ ಅದೇ. ಹೃದಯ ತುಂಬಿಕೊಂಡ ಕೂಡಲೇ ಬಲಗಡೆಯ ನಾಳ ಕತ್ತು ತಿರುಚಿದ ಹಾಗೆ ಮಡಚಿಕೊಳ್ಳುತ್ತಿತ್ತು. ಮೌನಿಯ ಹಣೆಯ ಬೆವರನ್ನು ದಾದಿ ಒರೆಸಿದಳು. ಅವನು ಆ ದಿನ ಮೊದಲ ಸಲ ಬಾಯಿಬಿಟ್ಟ.

“ಕಾಲಿಂದ ಒಂದು ರಕ್ತನಾಳ ಬೇಕು, ಮೇಡಂ. ಬಲಗಡೆ ನಾಳಕ್ಕೆ ಬೇರೆ ದಾರಿ ಮಾಡ್ಬಿಡೋಣ.”

ಕಾಲಿನ ರಕ್ತನಾಳ ಬಿಡಿಸುವುದು ಹೊಸದಾಗಿ ಕಲಿಯಲು ಬಂದವರ ಕೆಲಸ. ಆ ದಿನ ಅಲ್ಲಿದ್ದ ಹೊಸಬಳು ಇಂಥ ಮೆದು ಮೈಯಲ್ಲಿ ಕೈಯಾಡಿಸಿದವಳಲ್ಲ. ಆಕೆಯ ಮುಖ ನೋಡಿದರೇ ತಿಳಿಯುತ್ತಿತ್ತು. ಡಾಕ್ಟರಮ್ಮ ತಾವೇ ಕಾಲಿನ ಕಡೆ ಹೋಗಿ ಬಗ್ಗಿದರು. ಇಪ್ಪತ್ತು ವರ್ಷವಾಗಿತ್ತು ಅವರು ಆ ಕೆಲಸ ಮಾಡಿ. ಕತ್ತು ಉರಿಯುತ್ತಿತ್ತು, ಕಣ್ಣು ಮಂಜಾಗಿತ್ತು. ಪಾದದ ಗಂಟಿನಿಂದ ಮಂಡಿಯವರೆಗೆ ಒಂದೊಂದೇ ಕವಲು ಕಟ್ಟುತ್ತಾ, ಎಲ್ಲೂ ಎಳೆಯದೆ, ನಾಳವನ್ನು ಬಿಡಿಸಿ ತೆಗೆದು ಕೊಟ್ಟರು. ಮೌನಿ ಅದರ ಒಂದು ತುದಿಯನ್ನು ಕೊಳವೆಗೂ ಇನ್ನೊಂದನ್ನು ಬಲಗಡೆಯ ನಾಳದ ಮಡಿಕೆಯ ಆಚೆಗೂ ಜೋಡಿಸಿದ. ಮೂರನೆಯ ಸಲ ಯಂತ್ರ ಇಳಿಸಿದಾಗ ಹೃದಯದ ಬಲಭಾಗವೂ ಮೆಲ್ಲಗೆ ಹೆಜ್ಜೆ ಹಾಕತೊಡಗಿತು. ಗಡಿಯಾರ ಐದೂ ಹತ್ತು ತೋರಿಸುತ್ತಿತ್ತು.

ಕಾಯುವ ಕೋಣೆಯಲ್ಲಿ ತಾಯಿ ಒಬ್ಬಳೇ ಇದ್ದಳು. ಮಡಿಲಲ್ಲಿ ಅಂಗಡಿಯಿಂದ ತಂದಿದ್ದ ಯಾರದೋ ಕೋಟು. ಅಂಚು ಬಿಚ್ಚುತ್ತಾ ಕೂತಿದ್ದವಳ ಕೈ ಎಷ್ಟೋ ಹೊತ್ತಿನಿಂದ ನಿಂತಿರುವ ಹಾಗಿತ್ತು. ಡಾಕ್ಟರಮ್ಮ ಪಕ್ಕದ ಕುರ್ಚಿಯಲ್ಲಿ ಕೂತರು.

ಇದ್ದಾನೆ ಎಂದರು. ಹೃದಯ ನಡೆಯುತ್ತಿದೆ, ಕಷ್ಟವಾಯಿತು, ಕಾಲಿನಿಂದಲೂ ಒಂದು ನಾಳ ತೆಗೆಯಬೇಕಾಯಿತು, ಇನ್ನು ಮೂರು ದಿನ ಏನೂ ಹೇಳಲಾಗುವುದಿಲ್ಲ ಎಂದರು. ಈ ಸಲ ಎಷ್ಟು ಅಂಚು ಬಿಟ್ಟಿರೆಂದು ತಾಯಿ ಕೇಳಲಿಲ್ಲ. ಡಾಕ್ಟರಮ್ಮನೇ ಕಿರುಬೆರಳಿನ ಉಗುರಿನ ತುದಿ ತೋರಿಸಿದರು.

ತಾಯಿ ಕೋಟನ್ನು ಮಡಿಸಿ ಚೀಲಕ್ಕೆ ಹಾಕಿದಳು. “ನಿಮ್ಮ ಮೇಲೆ ನನಗೆ ಕೋಪ ಹೋಗಿಲ್ಲ,” ಎಂದಳು.

“ಹೋಗಬೇಕಾಗಿಲ್ಲ.”

“ಒಂದು ಕೇಳ್ತೀನಿ. ಆವಾಗ ನೀವು ಹಾಗೆ ಹೊಲಿದಿದ್ದು ನನ್ನ ಮಗ ಒಬ್ಬನಿಗೇನಾ?”

ಡಾಕ್ಟರಮ್ಮ ಆ ವರ್ಷಗಳ ಕೇಸುಗಳನ್ನು ಮನಸ್ಸಿನಲ್ಲೇ ಎಣಿಸತೊಡಗಿದರು. ತಾಯಿ ಮಗನನ್ನು ಯಾವಾಗ ನೋಡಬಹುದು ಎಂದಷ್ಟೇ ಕೇಳಿದಳು.

ಗುಮಾಸ್ತ ಎರಡನೆಯ ದಿನ ಕಣ್ಣು ಬಿಟ್ಟ. ಐದನೆಯ ದಿನ ಜ್ವರ ಬಂದು ಎಲ್ಲರನ್ನೂ ಹೆದರಿಸಿ ಇಳಿಯಿತು. ಇಪ್ಪತ್ತಮೂರನೆಯ ದಿನ ಮನೆಗೆ ಹೋದ. ಹೊರಡುವ ಮುಂಚೆ ಮೌನಿ ಬಂದು ಅವನ ಹಾಸಿಗೆಯ ಪಕ್ಕ ಹತ್ತು ನಿಮಿಷ ನಿಂತು, ಎಂಟೋ ಒಂಬತ್ತೋ ಮಾತಾಡಿದನಂತೆ; ಅದನ್ನು ಗುಮಾಸ್ತ ದಾದಿಯರ ಮುಂದೆ ಲೆಕ್ಕವಿಟ್ಟು ಹೇಳಿದ. ಹೃದಯ ಮೊದಲಿನಷ್ಟು ಗಟ್ಟಿಯಿಲ್ಲ, ಮಾತ್ರೆಗಳು ಎರಡು ಹೆಚ್ಚಾದವು. ಮೂರು ತಿಂಗಳ ಮೇಲೆ ಡಿಪೋಗೆ ಅರ್ಧ ದಿನದ ಕೆಲಸಕ್ಕೆ ಹೋಗತೊಡಗಿದ. ಮೆಟ್ಟಿಲು ಹತ್ತಬೇಕಿಲ್ಲದ ಹಾಗೆ ಅವನ ಮೇಜನ್ನು ಡ್ರೈವರುಗಳು ಹೊತ್ತು ಕೆಳಗೆ ತಂದಿಟ್ಟಿದ್ದರು.

ಡಾಕ್ಟರಮ್ಮ ಈ ನಡುವೆ ದಾಖಲೆ ಕೋಣೆಗೆ ಹೋಗಲು ಶುರುಮಾಡಿದ್ದರು. ಸಂಜೆ ಕೆಲಸ ಮುಗಿದ ಮೇಲೆ ಒಂದೊಂದು ತಾಸು, ಧೂಳು ಹಿಡಿದ ಹಳೆಯ ಪುಸ್ತಕಗಳ ಮುಂದೆ ಕೂತು, ಇದೇ ಕಾಯಿಲೆಯವರಿಗೆ ತಾವು ಇದೇ ಶಸ್ತ್ರಚಿಕಿತ್ಸೆ ಮಾಡಿದ್ದನ್ನೆಲ್ಲ ಬೇರೆ ಬರೆದುಕೊಂಡರು. ಕೈ ಹಳೆಯ ರೀತಿಯಲ್ಲೇ ನಡೆಯುತ್ತಿದ್ದ ವರ್ಷಗಳಲ್ಲಿ ಗುಮಾಸ್ತನನ್ನು ಬಿಟ್ಟು ಹದಿನಾರು ಜನ ಸಿಕ್ಕರು. ಮುಖ್ಯಸ್ಥರು ಮತ್ತೆ ಕರೆಸಿ, ಇರುವೆ ಗೂಡಿಗೆ ಕೈ ಹಾಕುವುದು ಯಾಕೆ ಎಂದು ಕೇಳಿದರು. ಸ್ಕ್ಯಾನ್ ಮಾಡಿಸಬೇಕು ಎಂದಷ್ಟೇ ಹೇಳಿದರು ಡಾಕ್ಟರಮ್ಮ. ವಾದ ಮಾಡಲಿಲ್ಲ, ಅನುಮತಿ ಬರುವವರೆಗೆ ದಿನಾ ಅವರ ಕೋಣೆಯ ಮುಂದೆ ಹೋಗಿ ಕೂತರು. ನಾಲ್ಕನೆಯ ದಿನ ಬಂತು.

ಫೋನುಗಳನ್ನು ತಾವೇ ಮಾಡಿದರು. ಕೆಲವರ ನಂಬರು ಬದಲಾಗಿತ್ತು. ಕೆಲವರು ಯಾರು ಎಂದು ಎರಡೆರಡು ಸಲ ಕೇಳಿದರು. ಒಬ್ಬ, ಇಷ್ಟು ವರ್ಷ ಚೆನ್ನಾಗಿದ್ದೇನೆ, ಈಗ ಹೆದರಿಸಬೇಡಿ ಎಂದು ಇಟ್ಟೇಬಿಟ್ಟ. ಹನ್ನೊಂದು ಜನ ಬಂದರು. ಎಂಟು ಜನರಿಗೆ ಏನೂ ಇರಲಿಲ್ಲ. ಇಬ್ಬರಿಗೆ ಚಿಕ್ಕ ಉಬ್ಬು, ವರ್ಷಕ್ಕೊಮ್ಮೆ ನೋಡಿದರೆ ಸಾಕು. ಒಬ್ಬಳಿಗೆ ದೊಡ್ಡದಿತ್ತು, ಆಕೆಯನ್ನು ಮೌನಿಯ ಪಟ್ಟಿಗೆ ಬರೆದರು.

ಹದಿನಾಲ್ಕನೆಯ ನಂಬರಿಗೆ ಹೆಂಗಸೊಬ್ಬಳು ಮಾತಾಡಿದಳು. ಅವರು ಇಲ್ಲ ಎಂದಳು. ಯಾವಾಗ ಸಿಗುತ್ತಾರೆ ಎಂದು ಕೇಳಿದರು ಡಾಕ್ಟರಮ್ಮ.

“ತೀರಿಕೊಂಡು ನಾಲ್ಕು ವರ್ಷ ಆಯ್ತು,” ಎಂದಳು. “ಸ್ನಾನಕ್ಕೆ ಹೋದೋರು ಬರಲಿಲ್ಲ. ಹಾರ್ಟ್ ಅಟ್ಯಾಕ್ ಅಂದ್ರು. ಆಪರೇಷನ್ ಆಗಿತ್ತಲ್ಲ, ಆಮೇಲೂ ಹಾಗಾಗುತ್ತಾ?”

ಡಾಕ್ಟರಮ್ಮ ಆಗುತ್ತದೆ ಎಂದರು. ಯಾಕೆ ಆಗಿರಬಹುದೆಂದು, ತಮಗೆ ಖಚಿತವಾಗಿ ಗೊತ್ತಿರುವುದೆಷ್ಟು, ಇಲ್ಲದ್ದೆಷ್ಟು ಎಂದು, ಮೊದಲಿನಿಂದ ಹೇಳಿದರು. ತಮ್ಮ ಹೆಸರನ್ನೂ ಮತ್ತೊಮ್ಮೆ ಹೇಳಿದರು. ಹೆಂಗಸು ನಡುವೆ ಬಾಯಿ ಹಾಕದೆ ಕೇಳಿದಳು. ಮಕ್ಕಳಿದ್ದಾರೆಯೇ ಎಂದಾಗ, ಮಗಳು, ಹದಿನೇಳು, ಅಪ್ಪನ ಹಾಗೇ ಎತ್ತರ ಎಂದಳು. ಅವಳನ್ನು ಯಾರಿಗೂ ತೋರಿಸಿರಲಿಲ್ಲ. ಅಪ್ಪ ಹೋದ ಮೇಲೆ ಆಸ್ಪತ್ರೆಯೆಂದರೆ ಹುಡುಗಿ ಮುಖ ತಿರುಗಿಸುತ್ತಿದ್ದಳಂತೆ.

ಕರೆದುಕೊಂಡು ಬನ್ನಿ ಎಂದರು ಡಾಕ್ಟರಮ್ಮ. ನೋಡುತ್ತೇನೆ ಎಂದಳು ಹೆಂಗಸು. ಬರಲಿಲ್ಲ. ಎರಡು ವಾರ ಬಿಟ್ಟು ಮತ್ತೆ ಫೋನ್ ಮಾಡಿದರು, ಆಮೇಲೆ ಇನ್ನೊಂದು ಸಲ. ಐದನೆಯ ಸಲ ಫೋನ್ ಎತ್ತಿದ್ದು ಹುಡುಗಿಯೇ. ನೀವು ಯಾಕೆ ಬಿಡುವುದಿಲ್ಲ ಎಂದು ಸಿಡುಕಿನಿಂದ ಕೇಳಿದಳು.

“ನಿಮ್ಮಪ್ಪನ್ನ ಬಿಟ್ಟಿದ್ದೆ ಮಗು,” ಎಂದರು ಡಾಕ್ಟರಮ್ಮ. “ಹದಿನೈದು ನಿಮಿಷದ ಸ್ಕ್ಯಾನ್. ನಾನೇ ಪಕ್ಕದಲ್ಲಿರ್ತೀನಿ.”

ಮುಂದಿನ ಸೋಮವಾರ ತಾಯಿ ಮಗಳು ಬಂದರು. ಧಮನಿಯ ಬುಡ ಸ್ವಲ್ಪ ಹಿಗ್ಗಿತ್ತು, ಕತ್ತರಿಸುವಷ್ಟಲ್ಲ. ಮಾತ್ರೆ ಬರೆದುಕೊಟ್ಟು, ಆರು ತಿಂಗಳಿಗೊಮ್ಮೆ ಬರಬೇಕೆಂದು, ಬಂದಾಗ ಮೌನಿಯನ್ನು ನೋಡಬೇಕೆಂದು ಡಾಕ್ಟರಮ್ಮ ಹೇಳಿದರು. ಆಮೇಲೆ ಅವರನ್ನು ಕಳಿಸಿ, ಇನ್ನೂ ಯಾರೂ ಎತ್ತದಿದ್ದ ಹದಿನೈದನೆಯ ನಂಬರನ್ನು ಮತ್ತೆ ಒತ್ತಿದರು.